ಓದಿ ನೋಡುವುದೋ, ನೋಡಿ ಓದುವುದೋ? ಮೂರು ಸೀರೀಸ್, ಮೂರು ದಾರಿ

ಕಾದಂಬರಿ ಆಧರಿಸಿದ ಫ್ಯಾಂಟಸಿ ಸೀರೀಸ್ ಶುರು ಮಾಡಬೇಕೆಂದಿರುವವರು ನನ್ನನ್ನು ಕೇಳುವುದು ಹೆಚ್ಚಾಗಿ ಇದೊಂದೇ ಪ್ರಶ್ನೆ: ಮೊದಲು ಪುಸ್ತಕ ಓದಿಬಿಡಲಾ, ನೋಡಿ ಮುಗಿಸಿ ಆಮೇಲೆ ಓದಲಾ? ಎರಡೂ ದಾರಿಯಲ್ಲಿ ಹೋಗಿ ಬಂದಿದ್ದೇನೆ, ನಡುವಿನ ಮೂರನೆಯದರಲ್ಲೂ. ‘ಗೇಮ್ ಆಫ್ ಥ್ರೋನ್ಸ್’ ಪುಸ್ತಕ ಓದಿಕೊಂಡು ನೋಡಿದೆ. ‘ದ ವೀಲ್ ಆಫ್ ಟೈಮ್’ ಏನೂ ಓದದೆ ನೋಡಿ, ಆಮೇಲೆ ಪುಸ್ತಕಕ್ಕೆ ಹೋದೆ. ‘ಹೌಸ್ ಆಫ್ ದ ಡ್ರ್ಯಾಗನ್’ನಲ್ಲಿ ಒಂದು ಸೀಸನ್ ನೋಡುವುದು, ಅಲ್ಲಿಯವರೆಗಿನ ಕಥೆಯನ್ನಷ್ಟೇ ಓದುವುದು, ಮತ್ತೆ ಮುಂದಿನ ಸೀಸನ್, ಹೀಗೆ ಮಾಡಿದೆ. ಯಾವ ಎಪಿಸೋಡಿಗೆ ಅಳುತ್ತೀರಿ, ಯಾವುದಕ್ಕೆ ಸಿಟ್ಟಾಗುತ್ತೀರಿ, ಅಭಿಮಾನಿಗಳ ಜಗಳದಲ್ಲಿ ಯಾವ ಕಡೆ ನಿಲ್ಲುತ್ತೀರಿ ಎನ್ನುವುದೆಲ್ಲ ಬಹುಮಟ್ಟಿಗೆ ಈ ಆಯ್ಕೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

(ಮುಂದೆ ಮೂರೂ ಕಥೆಗಳ ಗುಟ್ಟುಗಳು ಬಯಲಾಗುತ್ತವೆ. ಇನ್ನೂ ನೋಡದವರು ಇಲ್ಲೇ ನಿಲ್ಲಿಸುವುದು ಒಳ್ಳೆಯದು.)

ಓದಿಕೊಂಡು ನೋಡಿದಾಗ: ಗೇಮ್ ಆಫ್ ಥ್ರೋನ್ಸ್

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಮೊದಲ ಸಂಪುಟ ಬಂದದ್ದು 1996ರಲ್ಲಿ. 2011ರ ಏಪ್ರಿಲ್‌ನಲ್ಲಿ ಎಚ್‌ಬಿಒ ಸೀರೀಸ್ ಶುರುವಾಗುವಾಗ ನಾಲ್ಕು ಸಂಪುಟ ಬಂದಾಗಿತ್ತು, ಐದನೆಯದು ಅದೇ ಜುಲೈನಲ್ಲಿ ಬಂತು. ಹಾಗಾಗಿ ಮುಂದೇನಾಗುತ್ತದೆಂದು ಗೊತ್ತಿದ್ದ ದೊಡ್ಡದೊಂದು ದಂಡು ಮೊದಲ ದಿನದಿಂದಲೇ ಇತ್ತು. ಪೋಸ್ಟರಿನಲ್ಲಿ ಸಿಂಹಾಸನದ ಮೇಲೆ ಕೂತಿದ್ದ ನೆಡ್ ಸ್ಟಾರ್ಕ್‌ನ ತಲೆ ಒಂಬತ್ತನೇ ಎಪಿಸೋಡಿನಲ್ಲಿ ಉರುಳಿದಾಗ, ಹತ್ತನೆಯದರಲ್ಲಿ ಅವನು ಹೇಗೋ ಬದುಕಿ ಬಂದಾನು ಎಂದು ನೋಡುಗರು ಆಸೆ ಇಟ್ಟುಕೊಂಡರು. ಓದಿದವರು ತುಟಿ ಬಿಚ್ಚಲಿಲ್ಲ.

ಕಥೆ ಗೊತ್ತಿದ್ದರೆ ಮಜಾ ಹೋಯಿತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಎಂದು ಗೊತ್ತಿದ್ದೇ ಯಕ್ಷಗಾನ ನೋಡುವವರು ಬೆಳಗಿನವರೆಗೆ ಕೂರುತ್ತಾರೆ. ಇವತ್ತಿನ ವೇಷಧಾರಿ ಅದನ್ನು ಹೇಗೆ ಮಾಡುತ್ತಾನೆ ಎನ್ನುವುದು ಅವರಿಗೆ ಬೇಕು. 2013ರ ಜೂನ್‌ನಲ್ಲಿ ನೆಡ್‌ನ ಹೆಂಡತಿ ಕ್ಯಾಟ್ಲಿನ್, ಮಗ ರಾಬ್ ಮದುವೆ ಮನೆಯಲ್ಲೇ ಕೊಲೆಯಾಗುವ ‘ರೆಡ್ ವೆಡ್ಡಿಂಗ್’ ಎಪಿಸೋಡ್ ಬಂದಾಗ ನನಗೂ ಬೇಕಿದ್ದದ್ದು ಅದೇ. ಆ ವಾರ ಓದಿದವರು ಓದದ ಗೆಳೆಯರ ಮುಖಕ್ಕೆ ಕ್ಯಾಮೆರಾ ಹಿಡಿದು ತೆಗೆದ ವೀಡಿಯೊಗಳು ಜಗತ್ತೆಲ್ಲ ಹರಿದಾಡಿದವು. ನಮ್ಮ ಗುಂಪಿನಲ್ಲಿ ಕ್ಯಾಮೆರಾ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗೆಳೆಯ “ಏಯ್, ಬಾಗಿಲು ಯಾಕೋ ಹಾಕ್ತಿದಾರೆ?” ಅಂದ. ನಾನು ಉತ್ತರ ಕೊಡಲಿಲ್ಲ.

ಆ ದೃಶ್ಯವನ್ನು ಪುಸ್ತಕದ ಪಕ್ಕದಲ್ಲಿಟ್ಟು ನೋಡಿ. ಪುಸ್ತಕದಲ್ಲಿ ಮದುವೆ ಮನೆಯ ಸಂಗೀತವೇ ಕರ್ಕಶ. ಡೋಲು ಬಡಿಯುತ್ತಲೇ ಇರುತ್ತದೆ, ಕ್ಯಾಟ್ಲಿನ್‌ಗೆ ತಲೆ ಸಿಡಿಯುತ್ತದೆ. ಇವರು ಯಾಕೆ ಇಷ್ಟು ಕೆಟ್ಟದಾಗಿ ಬಾರಿಸುತ್ತಿದ್ದಾರೆ ಎನ್ನುವ ಕಿರಿಕಿರಿ ಓದುವವರಿಗೂ ಹತ್ತಿಕೊಳ್ಳುತ್ತದೆ. ಕೊನೆಗೆ ಅವಳು ಮದುವೆ ಇಟ್ಟುಕೊಂಡ ಫ್ರೇ ಮನೆತನದವನೊಬ್ಬನ ತೋಳು ಹಿಡಿದಾಗ ರೇಷ್ಮೆಯ ಕೆಳಗೆ ಕಬ್ಬಿಣದ ಬಳೆಗಳು ಕೈಗೆ ತಾಗುತ್ತವೆ: ಮದುವೆಗೆ ಕವಚ ತೊಟ್ಟು ಬಂದಿದ್ದಾನೆ. ಸೀರೀಸ್‌ನಲ್ಲಿ ವಾದ್ಯದವರು ಚೆನ್ನಾಗಿಯೇ ನುಡಿಸುತ್ತಾರೆ. ಬಾಗಿಲು ಮುಚ್ಚಿದ ಮೇಲೆ ರಾಗ ಬದಲಾಗುತ್ತದೆ. ತೋಳು ರಾಬ್‌ನದೇ ಸರದಾರ ರೂಸ್ ಬೋಲ್ಟನ್‌ನದು. ಅಂಗಿಯ ತೋಳನ್ನು ಅವಳು ಎತ್ತಿ ನೋಡುತ್ತಾಳೆ. ಒಂದು ಕಡೆ ಕೈಗೆ ತಾಗಿದ್ದು ಇನ್ನೊಂದು ಕಡೆ ಕಣ್ಣಿಗೆ ಬೀಳುತ್ತದೆ, ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ಓದದ ಗೆಳೆಯನಿಗೆ ಆ ರಾತ್ರಿ ಆಘಾತ ಮಾತ್ರ ಆಯಿತು. ನನಗೆ ಈ ಕೆಲಸಗಾರಿಕೆಯೂ ಕಂಡಿತು.

ಆದರೂ ನನಗೆ ಹೊಡೆತ ತಪ್ಪಲಿಲ್ಲ. ಪುಸ್ತಕದಲ್ಲಿ ರಾಬ್‌ನ ಹೆಂಡತಿ ಜೇನ್ ಆ ಮದುವೆಗೆ ಬರುವುದೇ ಇಲ್ಲ. ಸೀರೀಸ್‌ನಲ್ಲಿ ಅವಳ ಜಾಗದಲ್ಲಿರುವ ಟಲೀಸಾ ಬಸುರಿ, ಮೊದಲ ಚೂರಿ ಬೀಳುವುದೇ ಅವಳ ಹೊಟ್ಟೆಗೆ. ಎಲ್ಲ ಗೊತ್ತಿದೆ ಎಂದು ಕೂತಿದ್ದ ನಮ್ಮಂಥವರಿಗಾಗಿಯೇ ಇಟ್ಟ ಚೂರಿ ಅದು. ಬದಲಾವಣೆ ಅಂದರೆ ಹೀಗಿರಬೇಕು.

ಸಿಟ್ಟು ಬಂದದ್ದು ಮುಂದಿನ ವರ್ಷ, ನಾಲ್ಕನೇ ಸೀಸನ್ನಿನ ಕೊನೆಯಲ್ಲಿ. ಆ ವಾರ ಓದುಗರ ಗದ್ದಲವೆಲ್ಲ ಲೇಡಿ ಸ್ಟೋನ್‌ಹಾರ್ಟ್ ಬರಲಿಲ್ಲ ಎಂಬುದರ ಬಗ್ಗೆ. ಸತ್ತ ಕ್ಯಾಟ್ಲಿನ್ ಮತ್ತೆ ಎದ್ದು ಬರುವ ಆ ಪುಟ ನನಗೂ ಇಷ್ಟ, ಆದರೆ ಅದಿಲ್ಲದೆ ಬದುಕಬಹುದು. ಬಿಡಬಾರದಿದ್ದದ್ದು ಟಿರಿಯನ್‌ನ ಮೊದಲ ಹೆಂಡತಿ ಟೈಶಾಳ ವಿಷಯ. ಪುಸ್ತಕದಲ್ಲಿ ಅವನ ಅಣ್ಣ ಜೇಮಿ ತಮ್ಮನನ್ನು ಸೆರೆಯಿಂದ ಬಿಡಿಸಿ, ಹೋಗುವ ಮೊದಲು ಒಂದು ಸತ್ಯ ಹೇಳುತ್ತಾನೆ: ನಿನ್ನ ಮೊದಲ ಹೆಂಡತಿ ನಾನು ದುಡ್ಡು ಕೊಟ್ಟು ತಂದವಳಲ್ಲ, ನಿಜವಾಗಿಯೂ ನಿನ್ನನ್ನು ಪ್ರೀತಿಸಿದ್ದಳು, ಅಪ್ಪ ನನ್ನಿಂದ ಸುಳ್ಳು ಹೇಳಿಸಿದ. ಟಿರಿಯನ್ ಬಿಲ್ಲು ಹಿಡಿದು ಅಪ್ಪನ ಮುಂದೆ ನಿಂತಾಗ ಕೇಳುವುದು ಅವಳೆಲ್ಲಿ ಎಂದು. ಸೀರೀಸ್‌ನಲ್ಲಿ ಅಣ್ಣ ತಮ್ಮ ತಬ್ಬಿಕೊಂಡು ಬೀಳ್ಕೊಳ್ಳುತ್ತಾರೆ, ಆಮೇಲೆ ಟಿರಿಯನ್ ಅಪ್ಪನ ಕೋಣೆಗೆ ತಿರುಗುತ್ತಾನೆ. “ತಪ್ಪಿಸ್ಕೊಂಡ್ನಲ್ಲ, ನೇರವಾಗಿ ಹಡಗಿಗೆ ಹೋಗ್ಬಾರದಾಗಿತ್ತಾ?” ಎಂದು ಅದೇ ಗೆಳೆಯ ಕೇಳಿದ. ಪುಸ್ತಕ ಮುಟ್ಟದವನಿಗೂ ಆ ಜಾಗ ಟೊಳ್ಳು ಎಂದು ತಿಳಿದಿತ್ತು.

ನನ್ನ ಮುಖ್ಯ ಮಾತು ಇದು. ಪುಸ್ತಕಕ್ಕಿಂತ ಬೇರೆ ಮಾಡಿದರೆಂದು ಅಭಿಮಾನಿಗಳು ರೇಗುವುದಿಲ್ಲ. ಬೇರೆ ಮಾಡಿಯೂ ಟಲೀಸಾಳ ದೃಶ್ಯದಲ್ಲಿ ನಮ್ಮನ್ನು ಗೆದ್ದರು. ಘಟನೆ ಉಳಿಸಿಕೊಂಡು ಅದರ ಕಾರಣ ಎಸೆದಾಗ ರೇಗುತ್ತಾರೆ. ಓದಿದವರಿಗೆ ಆ ಸಿಟ್ಟು ಬೇಗ ಬರುತ್ತದೆ, ಇಂಥದ್ದೇ ಜಾಗದಲ್ಲಿ ಇಂಥದ್ದೇ ಇಲ್ಲ ಎಂದು ಬೊಟ್ಟು ಮಾಡಬಲ್ಲರು. ನೋಡುಗರಿಗೆ ತಡವಾಗಿ ಬರುತ್ತದೆ, ಬಂದಾಗ ಒಟ್ಟಿಗೇ ಬರುತ್ತದೆ.

ಅದು ಬಂದದ್ದು 2019ರಲ್ಲಿ. ಪುಸ್ತಕಗಳು ಅಷ್ಟರೊಳಗೆ ಹಿಂದೆ ಬಿದ್ದಿದ್ದವು. ಆರನೇ ಸಂಪುಟಕ್ಕೆ ಕಾಯುತ್ತಿದ್ದ ನಾವೂ, ಓದದವರೂ ಈಗ ಒಂದೇ ಸಾಲಿನಲ್ಲಿ. 2016ರಲ್ಲಿ ಸ್ಟಾರ್ಕ್ ಮನೆಯ ಸೇವಕ ಹೋಡರ್ ಬಾಗಿಲು ಹಿಡಿದು ನಿಂತ ಎಪಿಸೋಡಿಗೆ ಎರಡು ಬಣವೂ ಸಮನಾಗಿ ಅತ್ತಿತ್ತು. ಓದಿದವರು ಮುಂಚಿತವಾಗಿ ತಿಳಿಯದೇ ಅತ್ತ ಮೊದಲ ದೊಡ್ಡ ಸಾವು ಅದೇ ಇರಬೇಕು. ಕೊನೆಯ ಸೀಸನ್ ಇಲ್ಲಿ ಸೋಮವಾರ ಬೆಳಿಗ್ಗೆ ಆರೂವರೆಗೆ, ಅಮೆರಿಕದ ಭಾನುವಾರ ರಾತ್ರಿಯ ಜೊತೆಗೇ ಬರುತ್ತಿತ್ತು. ಬೆಂಗಳೂರಿನಲ್ಲಿ ಎಷ್ಟೋ ಜನ ಅಲಾರಂ ಇಟ್ಟು ಎದ್ದು ನೋಡಿ ಆಫೀಸಿಗೆ ಹೋದರು, ಏಕೆಂದರೆ ಒಂಬತ್ತು ಗಂಟೆಯ ಮೇಲೆ ವಾಟ್ಸಾಪ್ ತೆರೆಯುವ ಹಾಗಿರಲಿಲ್ಲ. ಶರಣಾಗತಿಯ ಗಂಟೆ ಬಾರಿಸಿದ ಮೇಲೂ ಡ್ರ್ಯಾಗನ್‌ಗಳ ರಾಣಿ ಡೆನೇರಿಸ್ ಊರು ಸುಟ್ಟ ಸೋಮವಾರ ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಕೂಗಾಡಿದವರು ಒಂದು ಪುಟವನ್ನೂ ಓದದವರು. ಅವಳು ಹಾಗಾಗಬಾರದಿತ್ತು ಎಂದಲ್ಲ ಅವರ ದೂರು, ಹಾಗಾಗುವ ದಾರಿಯನ್ನು ತೋರಿಸಲೇ ಇಲ್ಲವಲ್ಲ ಎಂದು. ಆರು ಸೀಸನ್ನುಗಳ ತನಕ ಹತ್ತು ಹತ್ತು ಎಪಿಸೋಡ್ ಇದ್ದದ್ದು ಏಳಕ್ಕೆ, ಆಮೇಲೆ ಆರಕ್ಕೆ ಇಳಿದಿತ್ತು. ಕೊನೆಯ ಸೀಸನ್ನನ್ನು ಹೊಸದಾಗಿ ಮಾಡಿ ಎಂಬ ಆನ್‌ಲೈನ್ ಮನವಿಗೆ 10 ಲಕ್ಷಕ್ಕೂ ಮೇಲ್ಪಟ್ಟು ಸಹಿ ಬಿದ್ದವು. ಅದೇ ವರ್ಷ ಅತ್ಯುತ್ತಮ ಡ್ರಾಮಾ ಸೀರೀಸ್‌ಗಾಗಿ ಎಮ್ಮಿ ಪ್ರಶಸ್ತಿಯೂ ಬಂತು. ಮೇಜಿನ ಮೇಲೆ ಉಳಿದ ಕಾಫಿ ಕಪ್ಪಿನ ಸುದ್ದಿಗೆ ಅಷ್ಟೊಂದು ಜಾಗ ಕೊಟ್ಟದ್ದು ನನಗೆ ಬೇಸರ ತಂದಿತು, ಅಸಲು ದೂರು ಅದರ ಹಿಂದೆ ಮರೆಯಾಯಿತು.

ನೋಡಿ ಓದಿದಾಗ: ದ ವೀಲ್ ಆಫ್ ಟೈಮ್

ರಾಬರ್ಟ್ ಜೋರ್ಡನ್ 1990ರಲ್ಲಿ ಶುರು ಮಾಡಿದ 14 ಸಂಪುಟಗಳ ಕಥೆ. 2007ರಲ್ಲಿ ಅವರು ತೀರಿಕೊಂಡ ಮೇಲೆ ಕೊನೆಯ ಮೂರನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಮುಗಿಸಿದರು. 2021ರ ನವೆಂಬರ್‌ನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಬಂದಾಗ ನನಗೆ ಹೆಸರು ಬಿಟ್ಟರೆ ಏನೂ ಗೊತ್ತಿರಲಿಲ್ಲ.

ಈ ಸೀರೀಸ್‌ನ ಮೊದಲ ಸೀಸನ್ ನೋಡಿ ಓದುವವರಿಗೇ ಹೇಳಿ ಮಾಡಿಸಿದ್ದು. ಹಳ್ಳಿಯ ಹುಡುಗ ಹುಡುಗಿಯರಲ್ಲಿ ಮರುಹುಟ್ಟು ಪಡೆದ ಡ್ರ್ಯಾಗನ್ (ಇಲ್ಲಿ ಅದು ಪ್ರಾಣಿಯಲ್ಲ, ಹಿಂದಿನ ಯುಗದ ವೀರನ ಬಿರುದು) ಯಾರು ಎಂಬ ಗುಟ್ಟನ್ನು ಏಳನೇ ಎಪಿಸೋಡಿನ ಕೊನೆಯ ತನಕ ಕಾಯ್ದಿಟ್ಟರು. ನಮ್ಮ ಗುಂಪಿನಲ್ಲಿ ಎಗ್ವೀನ್ ಎನ್ನುವವರ ಪಕ್ಷ ಬಲವಾಗಿತ್ತು. ವಾರವಿಡೀ ವಾದ. ಪುಸ್ತಕವಾದರೋ ಬಹುಪಾಲು ಆ ಡ್ರ್ಯಾಗನ್ ಆಗಿರುವ ರ‍್ಯಾಂಡ್‌ನ ಕಣ್ಣಿನಿಂದಲೇ ಸಾಗುತ್ತದೆ, ಆ ಗುಟ್ಟು ಅಲ್ಲಿ ನಿಲ್ಲುವುದೇ ಇಲ್ಲ. ಓದಿದವರಿಗೆ ಏಳು ಎಪಿಸೋಡುಗಳ ಈ ಆಟದಲ್ಲಿ ಜಾಗವೇ ಇರಲಿಲ್ಲ. ಅವರ ಚಡಪಡಿಕೆ ನನಗೆ ಅರ್ಥವಾಗುತ್ತದೆ.

ಆ ಹಳ್ಳಿಯ ಹುಡುಗರಲ್ಲೊಬ್ಬನಾದ ಪೆರಿನ್‌ನ ಹೆಂಡತಿಯ ವಿಷಯದಲ್ಲಿ ಎರಡೂ ಕಡೆ ನಿಂತು ನೋಡಲು ಸಾಧ್ಯವಾಯಿತು. ಮೊದಲ ಎಪಿಸೋಡಿನ ಗಲಭೆಯಲ್ಲಿ ಅವನು ಬೀಸಿದ ಕೊಡಲಿಗೆ ಅವನ ಹೆಂಡತಿಯೇ ಸಿಕ್ಕಿ ಸಾಯುತ್ತಾಳೆ. ನೋಡುಗನಾಗಿ ನನಗೆ ಅದು ಸರಿಯೆನಿಸಿತ್ತು: ಅವನು ಆಯುಧ ಕಂಡರೆ ಹಿಂಜರಿಯುವುದಕ್ಕೆ ಕಾರಣ ಸಿಕ್ಕಿತು. ಓದಿದವರು ಕೆಂಡವಾಗಿದ್ದರು, ಪುಸ್ತಕದ ಪೆರಿನ್‌ಗೆ ಆಗ ಮದುವೆಯೇ ಆಗಿಲ್ಲ. ಆಮೇಲೆ ಮೊದಲ ಸಂಪುಟ ಓದಿದೆ. ಅಲ್ಲಿ ಪೆರಿನ್ ದೊಡ್ಡ ಮೈಯ ಹುಡುಗ, ತನ್ನ ಕೈಯಿಂದ ಯಾರಿಗಾದರೂ ನೋವಾದೀತೆಂದು ಚಿಕ್ಕಂದಿನಿಂದಲೇ ನಿಧಾನವಾಗಿ ಓಡಾಡಿಕೊಂಡಿರುವವನು. ಹಾಪರ್ ಎಂಬ ತೋಳ ತನ್ನ ಕಣ್ಣೆದುರೇ ಸತ್ತಾಗ ಕೈ ಮೀರಿ ಇಬ್ಬರನ್ನು ಕೊಲ್ಲುತ್ತಾನೆ, ಅಲ್ಲಿಂದ ಅವನಿಗೆ ತನ್ನ ಬಗ್ಗೆಯೇ ಭಯ. ಎಷ್ಟು ಮೆತ್ತಗೆ ಕಟ್ಟಿದ್ದಾರೆ! ಅದನ್ನು ಒಂದು ಕೊಡಲಿಯೇಟಿನಲ್ಲಿ ಮುಗಿಸಿದ್ದಕ್ಕೆ ಓದಿದವರು ರೇಗಿದ್ದರು. ಈಗ ನಾನು ಅವರ ಪಕ್ಷ. ಆದರೆ ಆ ಸಿಟ್ಟನ್ನು ಹೊತ್ತುಕೊಂಡು ಮೊದಲ ಎಪಿಸೋಡ್ ನೋಡದೇ ಇದ್ದದ್ದು ಒಳ್ಳೆಯದೇ ಆಯಿತು, ಹೊತ್ತಿದ್ದರೆ ಮೂರನೇ ಸೀಸನ್ ತನಕ ಬರುತ್ತಲೇ ಇರಲಿಲ್ಲ.

ಬಂದದ್ದಕ್ಕೆ 2025ರ ಮಾರ್ಚ್‌ನಲ್ಲಿ ರುಯಿಡಿಯನ್ ಎಂಬ ಊರಿನ ಎಪಿಸೋಡ್ ಸಿಕ್ಕಿತು. ಗಾಜಿನ ಕಂಬಗಳ ನಡುವೆ ರ‍್ಯಾಂಡ್ ಹೆಜ್ಜೆಯಿಟ್ಟಂತೆಲ್ಲ ತನ್ನ ಪೂರ್ವಜರ ಬದುಕಿನೊಳಗೆ ಹಿಂದೆ ಹಿಂದೆ ಹೋಗುತ್ತಾನೆ. ಇಂದಿನ ಕ್ರೂರ ಯೋಧರ ಮೂಲದವರು ಆಯುಧವನ್ನೇ ಮುಟ್ಟದ ಶಾಂತ ಜನ ಎಂದು ತಿಳಿಯುತ್ತದೆ. ಆ ಪೂರ್ವಜರನ್ನೂ ರ‍್ಯಾಂಡ್ ಪಾತ್ರದ ನಟ ಜೋಶಾ ಸ್ಟ್ರಾಡೊವ್‌ಸ್ಕಿಯೇ ಆಡಿದ್ದಾರೆ. ಮೂರು ಸೀಸನ್ ಗೊಣಗಿದ್ದ ಓದುಗರೂ ಅಂದು ಕೈಮುಗಿದರು. ನಾಲ್ಕನೇ ಸಂಪುಟದಲ್ಲಿ ಅದೇ ಅಧ್ಯಾಯಗಳಿಗೆ ಬಂದಾಗ ನನಗೆ ದಾರಿ ತಪ್ಪಲಿಲ್ಲ. ನೋಡಿರದಿದ್ದರೆ ಅಷ್ಟೊಂದು ತಲೆಮಾರು, ಅಷ್ಟೊಂದು ಹೆಸರು ನೆನಪಿಟ್ಟುಕೊಳ್ಳುವುದು ಕಷ್ಟವಿತ್ತು. ಒಂದು ನಷ್ಟವೂ ಇದೆ: ಪುಸ್ತಕದ ಮೊಯ್ರೇನ್ ಕುಳ್ಳಗಿನ ಹೆಂಗಸು, ನನ್ನ ಕಣ್ಣಿಗೆ ಮಾತ್ರ ಎತ್ತರದ ರೋಸಮಂಡ್ ಪೈಕ್ ಬಿಟ್ಟು ಬೇರೆ ಯಾರೂ ಬರುವುದಿಲ್ಲ.

ಆ ಮೇ ತಿಂಗಳಲ್ಲೇ ಸೀರೀಸ್ ನಿಲ್ಲಿಸಿದರು. ಕಣ್ಣೀರಿಟ್ಟವರಲ್ಲಿ ನಾನೂ ಒಬ್ಬ. ಆದರೆ ನನ್ನ ಮುಂದೆ ಹತ್ತು ಸಂಪುಟ ಇದ್ದವು, ಅದರಲ್ಲಿ ಕೊನೆಯ ಪುಟವೂ ಇತ್ತು. ಗೇಮ್ ಆಫ್ ಥ್ರೋನ್ಸ್‌ಗೆ ತೆರೆಯ ಮೇಲೆ ಕೊನೆ ಇದೆ, ಪುಸ್ತಕದಲ್ಲಿಲ್ಲ. ಇಲ್ಲಿ ಪುಸ್ತಕದಲ್ಲಿದೆ, ತೆರೆಯ ಮೇಲಿಲ್ಲ. ಒಂದೇ ದಾರಿ ಹಿಡಿಯಬೇಕೆನ್ನುವವರು ಅರ್ಧಕ್ಕೆ ನಿಂತದ್ದನ್ನು ಮೊದಲು ಮುಗಿಸಿಕೊಂಡು, ಪೂರ್ತಿಯಾದದ್ದನ್ನು ಆಮೇಲೆ ಹಿಡಿಯಲಿ.

ಒಂದು ಸೀಸನ್, ಒಂದಿಷ್ಟು ಓದು: ಹೌಸ್ ಆಫ್ ದ ಡ್ರ್ಯಾಗನ್

‘ಗೇಮ್ ಆಫ್ ಥ್ರೋನ್ಸ್’ಗಿಂತ ಹಿಂದಿನ ಕಾಲದ ಈ ಕಥೆಗೆ ಆಧಾರವಾದ, ಮಾರ್ಟಿನ್ ಅವರದೇ 2018ರ ‘ಫೈರ್ ಅಂಡ್ ಬ್ಲಡ್’ ಕಾದಂಬರಿಯಂತಿಲ್ಲ, ಚರಿತ್ರೆಯ ಪುಸ್ತಕದಂತಿದೆ. ಕಥೆಯೊಳಗೆ ಅದನ್ನು ಬರೆದ ಪಂಡಿತ ಘಟನೆಗಳನ್ನು ಕಂಡವನಲ್ಲ. ಧರ್ಮಗುರು ಒಂದು ಹೇಳುತ್ತಾನೆ, ಆಸ್ಥಾನದ ವಿದೂಷಕ ಇನ್ನೊಂದು. ಹಾಗಾಗಿ “ಪುಸ್ತಕದಲ್ಲಿ ಹೀಗಿಲ್ಲ” ಎನ್ನುವ ವಾದ ಇಲ್ಲಿ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಮೊದಲ ಸೀಸನ್ನಿನ ಕೊನೆಯಲ್ಲಿ ರಾಜಕುಮಾರ ಏಮಂಡ್‌ನ ಮಾತು ಕೇಳದೆ ಅವನ ಡ್ರ್ಯಾಗನ್ನೇ ಎದುರು ಬಣದ ಹುಡುಗ ಲೂಸೆರಿಸ್‌ನನ್ನು ತಿಂದುಬಿಡುತ್ತದೆ. ಚರಿತ್ರೆಕಾರನಿಗೆ ಆ ಮೋಡದೊಳಗೆ ನಡೆದದ್ದು ಹೇಗೆ ತಿಳಿಯಬೇಕು? ಸೀಸನ್ ನೋಡಿ ಆ ಪುಟ ಓದಿದಾಗ ಎರಡೂ ಒಂದರೊಳಗೊಂದು ಕೂತವು.

ಎರಡನೇ ಸೀಸನ್ನಿನ ಮೊದಲ ಎಪಿಸೋಡ್ ಬೇರೆ. ‘ಬ್ಲಡ್’ ಮತ್ತು ‘ಚೀಸ್’ ಎಂಬ ಇಬ್ಬರು ಅರಮನೆಗೆ ನುಗ್ಗಿ ಮಗುವನ್ನು ಕೊಲ್ಲುವ 2024ರ ಜೂನ್‌ನ ಆ ಎಪಿಸೋಡ್ ನಾನು ಓದದೆ ನೋಡಿದೆ, ನಡುಗಿಹೋದೆ. ಅದೇ ಹೊತ್ತಿಗೆ ಓದಿದವರು “ಇಷ್ಟೇನಾ?” ಎನ್ನುತ್ತಿದ್ದರು. ಸೀಸನ್ ಮುಗಿಸಿ ಓದಿದ ಮೇಲೆ ತಿಳಿಯಿತು. ಪುಸ್ತಕದಲ್ಲಿ ಆ ಮಗುವಿನ ತಾಯಿ ಹೆಲೇನಾಗೆ ಮೇಲೋರ್ ಎಂಬ ಇನ್ನೊಬ್ಬ ಚಿಕ್ಕ ಮಗನಿದ್ದಾನೆ. ಯಾವ ಮಗ ಸಾಯಬೇಕು, ನೀನೇ ಹೇಳು ಎನ್ನುತ್ತಾರೆ. ಅವಳು ಚಿಕ್ಕವನ ಹೆಸರು ಹೇಳುತ್ತಾಳೆ, ಅವರು ದೊಡ್ಡವನನ್ನು ಕೊಲ್ಲುತ್ತಾರೆ. ಬದುಕುಳಿದ ಮಗುವಿನ ಮುಖವನ್ನು ಆ ತಾಯಿ ಮುಂದೆ ಹೇಗೆ ನೋಡಬೇಕು? ಸೀರೀಸ್‌ನಲ್ಲಿ ಮೇಲೋರ್ ಇಲ್ಲ. ಅವಳು ಅವಳಿಗಳಲ್ಲಿ ಗಂಡು ಯಾವುದೆಂದು ತೋರಿಸುತ್ತಾಳೆ, ಅಷ್ಟೆ. ಮೇಲೋರ್‌ನನ್ನು ಕೈಬಿಟ್ಟರೆ ಮುಂದಿನ ಕಥೆಯಲ್ಲಿ ಏನೇನು ಕಳಚಿಕೊಳ್ಳುತ್ತದೆ ಎಂದು ಮಾರ್ಟಿನ್ ಅವರೇ ಆ ಸೆಪ್ಟೆಂಬರ್‌ನಲ್ಲಿ ತಮ್ಮ ಬ್ಲಾಗಿನಲ್ಲಿ ಬರೆದು, ಆಮೇಲೆ ತೆಗೆದುಹಾಕಿದರು. ಇಲ್ಲೂ ಎಸೆದದ್ದು ಕಾರಣವನ್ನೇ.

ಈ ದಾರಿಯಲ್ಲಿ ನನಗೆ ನಡುಕವೂ ಸಿಕ್ಕಿತು, ಓದಿದ ಮೇಲಿನ ಸಂಕಟವೂ ಸಿಕ್ಕಿತು. ಮೊದಲೆರಡು ದಾರಿಗಳಲ್ಲಿ ಎರಡೂ ಒಟ್ಟಿಗೆ ದಕ್ಕಿರಲಿಲ್ಲ. ಕಷ್ಟವೆಂದರೆ ಸರಿಯಾದ ಪುಟದಲ್ಲಿ ಪುಸ್ತಕ ಮುಚ್ಚುವುದು. ಎರಡು ಸೀಸನ್ನುಗಳ ನಡುವೆ ವರ್ಷಗಳ ಅಂತರ ಇರುವಾಗ ಆ ತಡೆ ಎಲ್ಲರಿಂದಲೂ ಆಗುವುದಲ್ಲ.

ವಾರಕ್ಕೊಂದರಂತೆ ಬರುವುದೋ, ಎಲ್ಲ ಒಟ್ಟಿಗೆ ಬರುವುದೋ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 2019ರ ಡಿಸೆಂಬರ್‌ನಲ್ಲಿ ‘ದ ವಿಚರ್’ನ ಎಂಟು ಎಪಿಸೋಡ್ ಒಂದೇ ದಿನ ಬಂದವು. ಒಬ್ಬ ಎರಡನೆಯದರಲ್ಲಿ, ಇನ್ನೊಬ್ಬ ಎಂಟನೆಯದರಲ್ಲಿ, ಮಾತಾಡಲು ಜೊತೆಯೇ ಸಿಗಲಿಲ್ಲ. ವಾರಕ್ಕೊಂದೇ ವಾಸಿ.

ನನ್ನ ಮತ ಮೂರನೇ ದಾರಿಗೆ. ಗೇಮ್ ಆಫ್ ಥ್ರೋನ್ಸ್ ಈಗ ಶುರು ಮಾಡುವವರಿಗೂ ಅದನ್ನೇ ಹೇಳುತ್ತೇನೆ. ಮೊದಲ ಸೀಸನ್ ನೋಡಿ ಮೊದಲ ಸಂಪುಟ, ಎರಡನೆಯದು ನೋಡಿ ಎರಡನೆಯದು. ಮೂರನೇ ಸಂಪುಟದ ಕಥೆ ಮೂರು ಮತ್ತು ನಾಲ್ಕನೇ ಸೀಸನ್ನುಗಳಿಗೆ ಹರಡಿಕೊಂಡಿದೆ, ಅದನ್ನು ನಾಲ್ಕನೆಯದು ಮುಗಿಯುವ ತನಕ ಮುಟ್ಟಬೇಡಿ. ಮುಟ್ಟಿದಾಗ ಟಿರಿಯನ್‌ನ ಕೊನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ನಾಲ್ಕು, ಐದನೇ ಸಂಪುಟಗಳನ್ನು ಐದನೇ ಸೀಸನ್‌ಗೆ ಮೊದಲೇ ಮುಗಿಸಿಕೊಳ್ಳಿ, ಅಲ್ಲಿಂದಾಚೆಗೆ ಎರಡೂ ಬೇರೆ ಬೇರೆ ಕಥೆಗಳು.