ಸಿನಾಪ್ಟಿಕ್ಸ್ ಬಿಟ್ಟೆ, ಲಿಬ್‌ಇನ್‌ಪುಟ್ ಇಟ್ಟುಕೊಂಡೆ: ಶಿರಸಿಯ ಜಗುಲಿಯಲ್ಲಿ ಎರಡು ಟಚ್‌ಪ್ಯಾಡ್ ಡ್ರೈವರ್‌ಗಳ ಹೋಲಿಕೆ

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಲಿಬ್‌ಇನ್‌ಪುಟ್. ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಹಾಕಿದ ದಿನ ತಾನಾಗಿಯೇ ಬಂದು ಕೂತಿದ್ದ ಡ್ರೈವರ್ (ಟಚ್‌ಪ್ಯಾಡಿನ ಮೇಲೆ ಬೆರಳು ಮಾಡಿದ್ದನ್ನು ಯಂತ್ರಕ್ಕೆ ತಿಳಿಸುವ ತಂತ್ರಾಂಶ) ಅದು. ಅದನ್ನು ಬದಿಗೆ ಸರಿಸಿ, ಹಳೆಯ ಸಿನಾಪ್ಟಿಕ್ಸ್ ಡ್ರೈವರ್ ಹಾಕಿ, ನಾಲ್ಕು ಸಂಜೆ ಒದ್ದಾಡಿ, ಮತ್ತೆ ಅದಕ್ಕೇ ಬಂದೆ. ಬೇರೆಯವರಿಗಾದರೂ ಆ ನಾಲ್ಕು ಸಂಜೆ ಉಳಿಯಲಿ ಎಂದು ಬರೆಯುತ್ತಿದ್ದೇನೆ.

2024ರ ಮಾರಿಕಾಂಬಾ ಜಾತ್ರೆ ಮುಗಿದ ಮೇಲೆ ಹುಬ್ಬಳ್ಳಿಗೆ ಹೋಗಿ 14,500 ರೂಪಾಯಿಗೆ ಒಂದು ಹಳೆಯ ಲ್ಯಾಪ್‌ಟಾಪ್ ತಂದೆ. ಯಾವುದೋ ಕಚೇರಿಯಲ್ಲಿ ಬಳಸಿ ಬಿಟ್ಟದ್ದು, ಗಟ್ಟಿಮುಟ್ಟಾಗಿದೆ. ಟಚ್‌ಪ್ಯಾಡಿನ ಜೊತೆಗೆ ಎಡಕ್ಕೊಂದು ಬಲಕ್ಕೊಂದು ನಿಜವಾದ ಗುಂಡಿಗಳಿವೆ. ಈ ಗುಂಡಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನನ್ನ ಕೆಲಸ ಕನ್ನಡ ಬೆರಳಚ್ಚು ಮತ್ತು ಕರಡು ತಿದ್ದುವುದು. ಮದುವೆ, ಉಪನಯನದ ಆಮಂತ್ರಣ ಪತ್ರಿಕೆ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಒಮ್ಮೊಮ್ಮೆ ಯಕ್ಷಗಾನ ಪ್ರಸಂಗದ ಹಳೆಯ ಹಸ್ತಪ್ರತಿ. ಶಿರಸಿಯಿಂದ ಸಿದ್ದಾಪುರದ ದಾರಿಯಲ್ಲಿ ನಮ್ಮ ಮನೆ. ಕೂರುವುದು ಜಗುಲಿಯ ಚಾಪೆಯ ಮೇಲೆ, ಲ್ಯಾಪ್‌ಟಾಪ್ ತೊಡೆಯ ಮೇಲೆ.

ಮೌಸ್ ಕೊಂಡರೆ ಮುಗಿಯಿತಲ್ಲ ಎನ್ನುವವರಿಗೆ: ಕೊಂಡೆ, 350 ರೂಪಾಯಿ ಕೊಟ್ಟೆ. ಚಾಪೆಯ ಮೇಲೆ ಅದು ಓಡುವುದಿಲ್ಲ.

ತೊಂದರೆ ಶುರುವಾದದ್ದು ತೀರಾ ಸಣ್ಣದರಿಂದ. ಡೆಬಿಯನ್ 12 ಮತ್ತು ಅದರ ಗ್ನೋಮ್ ಪರದೆ (ಕಿಟಕಿ, ಮೆನು, ಸೆಟ್ಟಿಂಗ್ಸ್ ತೋರಿಸುವ ತಂತ್ರಾಂಶ) ಹಾಕಿಕೊಂಡೆ. ಕರ್ಸರ್ ಓಡಾಡುತ್ತಿತ್ತು, ಎರಡು ಬೆರಳಲ್ಲಿ ಪುಟ ಸರಿಯುತ್ತಿತ್ತು. ಆದರೆ ಟಚ್‌ಪ್ಯಾಡಿನ ಮೇಲೆ ಬೆರಳಿನಿಂದ ತಟ್ಟಿದರೆ ಕ್ಲಿಕ್ ಆಗುತ್ತಿರಲಿಲ್ಲ, ಪ್ರತಿ ಸಲವೂ ಗುಂಡಿಯನ್ನೇ ಒತ್ತಬೇಕು. ಡ್ರೈವರ್ ಸರಿಯಿಲ್ಲ ಎಂದುಕೊಂಡೆ. ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದರೆ, "ಅತ್ತೆ, ಅದಕ್ಕೆ ಹಳೇ ಸಿನಾಪ್ಟಿಕ್ಸ್ ಡ್ರೈವರೇ ಚೊಲೋ. ಹಾಕಿ ನೋಡು, ಸರಿ ಆಗ್ತು" ಎಂದ. ಅವನು ಕಾಲೇಜಿನಲ್ಲಿದ್ದಾಗ ಅದೇ ಸರಿಯಾದ ಸಲಹೆಯಾಗಿತ್ತು.

ಮೊದಲ ಸಂಜೆ ಸಿನಾಪ್ಟಿಕ್ಸ್ ಪ್ಯಾಕೇಜ್ ಹಾಕಿ ಯಂತ್ರವನ್ನು ಮತ್ತೆ ಶುರು ಮಾಡಿದೆ. ಏನೂ ಬದಲಾಗಲಿಲ್ಲ. ತೆಗೆದು ಮತ್ತೆ ಹಾಕಿದೆ, ಆಗಲೂ ಇಲ್ಲ. ಕಾರಣ ಗೊತ್ತಾದದ್ದು ಮರುದಿನ: ಗ್ನೋಮ್ ಈಗ ವೇಲ್ಯಾಂಡ್ ಎಂಬ ಪರದೆ ವ್ಯವಸ್ಥೆಯ ಮೇಲೆ ನಡೆಯುತ್ತದೆ. ಸಿನಾಪ್ಟಿಕ್ಸ್ ಡ್ರೈವರ್ ಬರೆದದ್ದು ಅದಕ್ಕಿಂತ ಹಳೆಯ ಎಕ್ಸ್‌ಆರ್ಗ್‌ಗೆ ಮಾತ್ರ. ವೇಲ್ಯಾಂಡ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ನೂರು ಸಲ ಹಾಕಿ ತೆಗೆದರೂ ಕೆಲಸ ಮಾಡುತ್ತಿರುವುದು ಲಿಬ್‌ಇನ್‌ಪುಟ್ಟೇ.

ಎರಡನೆಯ ಸಂಜೆ, ಲಾಗಿನ್ ಪರದೆಯ ಮೂಲೆಯಲ್ಲಿರುವ ಹಲ್ಲಿನ ಚಕ್ರದ ಗುರುತು ಒತ್ತಿ 'ಎಕ್ಸ್‌ಆರ್ಗ್ ಮೇಲಿನ ಗ್ನೋಮ್' ಆರಿಸಿ ಒಳಗೆ ಹೋದೆ. ಈಗ ಸಿನಾಪ್ಟಿಕ್ಸ್ ಎದ್ದಿತ್ತು. ಆದರೂ ತಟ್ಟಿದರೆ ಕ್ಲಿಕ್ ಇಲ್ಲ! ನಿಜವಾದ ಗುಂಡಿಗಳಿರುವ ಟಚ್‌ಪ್ಯಾಡಿಗೆ ತಟ್ಟುವ ಕ್ಲಿಕ್ಕನ್ನು ಅದೂ ತಾನಾಗಿ ಕೊಡುವುದಿಲ್ಲ. ಸಿನ್‌ಕ್ಲೈಂಟ್ ಎಂಬ ಆಜ್ಞೆಯಲ್ಲಿ ಟ್ಯಾಪ್‌ಬಟನ್1 ಎಂಬುದಕ್ಕೆ 1 ಎಂದು ಕೊಟ್ಟಾಗ ಕ್ಲಿಕ್ ಬಂತು. ಸಂತೋಷದಿಂದ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಎದ್ದೆ. ಬೆಳಿಗ್ಗೆ ಲಾಗಿನ್ ಆದರೆ ಅದು ಮಾಯ. ಸಿನ್‌ಕ್ಲೈಂಟ್ ಮಾಡಿದ ಬದಲಾವಣೆ ಆ ಹೊತ್ತಿಗೆ ಮಾತ್ರ, ಲಾಗ್‌ಔಟ್ ಆದರೆ ಹೋಗುತ್ತದೆ.

ಇಲ್ಲಿಗೇ ಮುಗಿದಿದ್ದರೆ ಆ ಸಾಲನ್ನು ಶುರುವಿನಲ್ಲೇ ಓಡುವಂತೆ ಬರೆದಿಟ್ಟು ಸುಮ್ಮನಾಗುತ್ತಿದ್ದೆ. ಮೂರನೆಯ ಸಂಜೆ ಕರ್ಸರಿನ ವೇಗ ಕಡಿಮೆ ಮಾಡೋಣ ಎಂದು ಗ್ನೋಮ್‌ನ ಸೆಟ್ಟಿಂಗ್ಸ್ ತೆರೆದೆ. ಮುಂಚೆ ಅಲ್ಲಿದ್ದ ಟಚ್‌ಪ್ಯಾಡಿನ ಆಯ್ಕೆಗಳು ಇರಲಿಲ್ಲ. ಮೌಸಿನದು ಇತ್ತು, ಟಚ್‌ಪ್ಯಾಡಿನದು ಇಲ್ಲ. ಯಂತ್ರಾಂಶವೇ ಹೋಯಿತೇ ಎಂದು ಎದೆ ಧಸಕ್ಕೆಂದಿತು. ಹಳೆಯ ಮಾಲು, ವಾರಂಟಿ ಇಲ್ಲ. ಆದರೆ ಕರ್ಸರ್ ಬೆರಳಿನಡಿ ಸರಾಗವಾಗಿ ಓಡುತ್ತಲೇ ಇತ್ತು. ಎಕ್ಸ್‌ಇನ್‌ಪುಟ್ ಆಜ್ಞೆ ಕೊಟ್ಟು ಟಚ್‌ಪ್ಯಾಡಿನ ಗುಣಗಳ ಪಟ್ಟಿ ತೆಗೆದೆ. ಸಾಲು ಸಾಲಾಗಿ ಹೆಸರುಗಳು ಸಿನಾಪ್ಟಿಕ್ಸ್ ಎಂದೇ ಶುರುವಾಗುತ್ತಿದ್ದವು. 2016ರ 3.20 ಆವೃತ್ತಿಯಿಂದಲೇ ಗ್ನೋಮ್ ಸಿನಾಪ್ಟಿಕ್ಸ್‌ಗೆ ಬೆಂಬಲ ನಿಲ್ಲಿಸಿದೆ. ಲಿಬ್‌ಇನ್‌ಪುಟ್ ನಡೆಸುವ ಟಚ್‌ಪ್ಯಾಡನ್ನು ಮಾತ್ರ ಅದು ಟಚ್‌ಪ್ಯಾಡ್ ಎಂದು ಗುರುತಿಸುತ್ತದೆ.

ಎರಡೂ ಡ್ರೈವರ್ ಯಂತ್ರದಲ್ಲಿರುವಾಗ ಹಳೆಯದೇ ಗೆದ್ದದ್ದು ಯಾಕೆ? ಉತ್ತರ ಎರಡು ಅಂಕಿಗಳಲ್ಲಿತ್ತು. ಎಕ್ಸ್‌ಆರ್ಗ್ ತನ್ನ ಸಂರಚನೆಯ ಕಡತಗಳನ್ನು ಹೆಸರಿನ ಕ್ರಮದಲ್ಲಿ ಓದುತ್ತದೆ. ಡೆಬಿಯನ್‌ನಲ್ಲಿ ಲಿಬ್‌ಇನ್‌ಪುಟ್‌ನ ಕಡತ 40ರಿಂದ ಶುರು, ಸಿನಾಪ್ಟಿಕ್ಸ್‌ನದು 70ರಿಂದ. ನಂತರ ಓದಿದ್ದು ಮೊದಲು ಓದಿದ್ದರ ಮೇಲೆ ಕೂರುತ್ತದೆ. ಹಾಗಾಗಿ ಸಿನಾಪ್ಟಿಕ್ಸ್ ಪ್ಯಾಕೇಜ್ ಹಾಕಿದ ಕ್ಷಣವೇ ಎಕ್ಸ್‌ಆರ್ಗ್‌ನಲ್ಲಿ ಅದಕ್ಕೆ ಪಟ್ಟ, ಯಾರನ್ನೂ ಕೇಳಬೇಕಿಲ್ಲ. ಹಳೆಯ ಡ್ರೈವರನ್ನು ಬೇಕೆಂದೇ ಹಾಕಿಕೊಳ್ಳುವವರಿಗೆ ಅನುಕೂಲವಾಗಲಿ ಎಂದು ಮಾಡಿದ ಏರ್ಪಾಡು ಇದು. ಗೊತ್ತಿಲ್ಲದೆ ಹಾಕಿಕೊಂಡವರಿಗೆ ಮಾತ್ರ ದಾರಿ ತಪ್ಪುತ್ತದೆ.

ನಾಲ್ಕನೆಯ ಸಂಜೆ ಸಿನಾಪ್ಟಿಕ್ಸ್ ತೆಗೆದುಹಾಕಿ ವೇಲ್ಯಾಂಡ್‌ಗೆ ಮರಳಿದೆ. ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡಿನ ಭಾಗ ವಾಪಸ್ ಬಂದಿತ್ತು. ಅದರಲ್ಲಿ 'ಟ್ಯಾಪ್ ಟು ಕ್ಲಿಕ್' ಎಂಬ ಒಂದು ಸ್ವಿಚ್. ಒತ್ತಿದೆ, ಅಷ್ಟೇ. ಗುಂಡಿಗಳಿರುವ ಟಚ್‌ಪ್ಯಾಡಿನಲ್ಲಿ ಲಿಬ್‌ಇನ್‌ಪುಟ್ ತಟ್ಟುವ ಕ್ಲಿಕ್ಕನ್ನು ಬೇಕೆಂದೇ ಬಂದ್ ಮಾಡಿ ಕೊಡುತ್ತದೆ. ತಟ್ಟಿದರೆ ಕ್ಲಿಕ್ ಆಗುತ್ತದೆಂದು ಗೊತ್ತಿಲ್ಲದವರಿಗೆ ಬೆರಳು ತಾಗಿದಾಗೆಲ್ಲ ಏನೇನೋ ತೆರೆದುಕೊಂಡು ಯಂತ್ರ ಕೆಟ್ಟಿದೆ ಅನಿಸುತ್ತದೆ, ಬೇಕಾದವರು ಹೇಗೂ ಹುಡುಕಿ ಹಾಕಿಕೊಳ್ಳುತ್ತಾರೆ ಎಂಬುದು ಅದನ್ನು ಬರೆದವರ ವಾದ. ವಾದ ಸರಿಯೇ. ಹುಡುಕಬೇಕಾದ ಜಾಗ ನನಗೆ ಮೊದಲೇ ಗೊತ್ತಿರಬೇಕಿತ್ತು.

ಇವೆರಡೂ ಬದ್ಧ ವೈರಿಗಳೇನಲ್ಲ. ಪೀಟರ್ ಹಟ್ಟರರ್ ಎಂಬವರು ಸಿನಾಪ್ಟಿಕ್ಸ್ ಡ್ರೈವರನ್ನೂ ನೋಡಿಕೊಂಡವರು, ಲಿಬ್‌ಇನ್‌ಪುಟ್‌ನ ಮುಖ್ಯ ನಿರ್ವಾಹಕರೂ ಅವರೇ. ಲಿಬ್‌ಇನ್‌ಪುಟ್‌ನ 1.0 ಆವೃತ್ತಿ ಬಂದದ್ದು 2015ರಲ್ಲಿ, ಡೆಬಿಯನ್ ಅದನ್ನು ತನ್ನ ಮೊದಲ ಆಯ್ಕೆ ಮಾಡಿಕೊಂಡದ್ದು 2017ರ 9ನೇ ಆವೃತ್ತಿಯಲ್ಲಿ. ಸಿನಾಪ್ಟಿಕ್ಸ್‌ಗೆ ಈಗ ದುರಸ್ತಿ ಮಾತ್ರ, ಹೊಸತು ಏನೂ ಸೇರುತ್ತಿಲ್ಲ. ಹಳೆಯದರಲ್ಲಿ ನಮಗೆ ಬೇಕಾದಂತೆ ಹೊಂದಿಸುವ ಹತ್ತಾರು ತಿರುಪುಗಳು, ಹೊಸದರಲ್ಲಿ ಬೆರಳೆಣಿಕೆಯಷ್ಟು. ತಿರುಪು ಕಡಿಮೆ ಎಂಬುದೇ ಹಲವರ ದೂರು, ನನಗೆ ಅದೇ ಹಿತ.

ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಟೈಪ್ ಮಾಡುವಾಗ ಅಂಗೈ ತಾಗಿದರೆ ಏನಾಗುತ್ತದೆ ಎನ್ನುವುದು. 'ಸ್ತ್ರೀ' ಎಂಬ ಒಂದು ಅಕ್ಷರಕ್ಕೇ ಐದಾರು ಕೀಲಿ ಒತ್ತಬೇಕು. ನಡುವೆ ಅಂಗೈ ತಾಗಿ ಕರ್ಸರ್ ಮೇಲಿನ ಸಾಲಿಗೆ ಹಾರಿದರೆ ಅರ್ಧ ಒತ್ತಕ್ಷರ ಇನ್ಯಾವುದೋ ಪದದ ಹೊಟ್ಟೆಯಲ್ಲಿ ಹೋಗಿ ಕೂರುತ್ತದೆ. ವಾರ್ಷಿಕ ವರದಿಯ ಅಂಕಿಗಳ ನಡುವೆ ಹಾಗಾದರೆ ಕರಡಿನಲ್ಲೂ ಕಣ್ಣು ತಪ್ಪಬಹುದು. ಸಿನಾಪ್ಟಿಕ್ಸ್‌ನಲ್ಲಿ ಇದಕ್ಕೆ ಸಿನ್‌ಡೀಮನ್ ಎಂಬ ಬೇರೆಯೇ ಕಾರ್ಯಕ್ರಮವನ್ನು ಹಿಂದೆ ಓಡಿಸಿಟ್ಟಿರಬೇಕು. ಕೊನೆಯ ಕೀಲಿಯಾದ ಮೇಲೆ ಎಷ್ಟು ಸೆಕೆಂಡು ಟಚ್‌ಪ್ಯಾಡ್ ಸುಮ್ಮನಿರಬೇಕೆಂದು ನಾವೇ ಹೇಳಬೇಕು. ಒಂದು ಸೆಕೆಂಡು ಕೊಟ್ಟರೆ ಬರೆದು ನಿಲ್ಲಿಸಿ ಕರ್ಸರ್ ಸರಿಸಲು ಹೋದಾಗ ಅದು ಮಲಗಿರುತ್ತದೆ, ಅರ್ಧ ಕೊಟ್ಟರೆ ಯೋಚಿಸಲು ನಿಂತಾಗ ಹಾರುತ್ತದೆ. ಲಿಬ್‌ಇನ್‌ಪುಟ್‌ನಲ್ಲಿ ಇದು ಡ್ರೈವರಿನ ಒಳಗೇ ಇದೆ, ಮೊದಲಿನಿಂದಲೇ ಚಾಲೂ. ಒಂದೇ ಕೀಲಿ ಒತ್ತಿದರೆ ಸ್ವಲ್ಪ ಹೊತ್ತು, ಬರೆಯುತ್ತಲೇ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಟಚ್‌ಪ್ಯಾಡನ್ನು ತಡೆಯುತ್ತದೆ. ಕಂಟ್ರೋಲ್‌ನಂಥ ಕೀಲಿ ಒತ್ತಿದರೆ ತಡೆಯುವುದಿಲ್ಲ, ಹಾಗಾಗಿ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡುವ ಕೆಲಸ ನಿಲ್ಲುವುದಿಲ್ಲ. ಇದೊಂದೇ ಸಾಕಿತ್ತು ನನಗೆ.

ಸಿನಾಪ್ಟಿಕ್ಸ್‌ನಲ್ಲಿ ಚೆನ್ನಾಗಿದ್ದದ್ದೂ ಇದೆ. ಎರಡು ಬೆರಳಲ್ಲಿ ಪುಟ ಎಳೆದು ಬಿಟ್ಟರೆ ಗಾಡಿಯ ಚಕ್ರದ ಹಾಗೆ ಸ್ವಲ್ಪ ದೂರ ತಾನೇ ಉರುಳಿ ನಿಲ್ಲುತ್ತಿತ್ತು. ಎಂಬತ್ತು ಪುಟದ ವರದಿ ತಿದ್ದುವಾಗ ಬೆರಳಿಗೆ ಅದು ದೊಡ್ಡ ವಿಶ್ರಾಂತಿ. ಲಿಬ್‌ಇನ್‌ಪುಟ್ ಈ ಕೆಲಸವನ್ನು ಆಯಾ ತಂತ್ರಾಂಶಕ್ಕೇ ಬಿಡುತ್ತದೆ, ಹಾಗಾಗಿ ಒಂದರಲ್ಲಿ ಉರುಳುತ್ತದೆ, ಇನ್ನೊಂದರಲ್ಲಿ ಗಕ್ಕನೆ ನಿಲ್ಲುತ್ತದೆ. ಬೆರಳನ್ನು ವೃತ್ತವಾಗಿ ತಿರುಗಿಸಿ ಪುಟ ಸರಿಸುವ ಸೌಕರ್ಯವೂ ಹಳೆಯದರಲ್ಲಿ ಮಾತ್ರ.

ಇನ್ನು ಅಡಿಕೆಯ ವಿಷಯ. ಕೊಯ್ಲು ಶುರುವಾದರೆ ರಾತ್ರಿ ಊಟವಾದ ಮೇಲೆ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ನಾನೂ ಕೂರುತ್ತೇನೆ. ಎರಡು ವಾರದಲ್ಲಿ ಬೆರಳ ತುದಿ ಕಪ್ಪಾಗಿ, ಒರಟಾಗಿ ತೊಗಲಿನ ಹಾಗಾಗುತ್ತದೆ. ಟಚ್‌ಪ್ಯಾಡ್ ಬೆರಳನ್ನು ಅರಿಯುವುದು ಚರ್ಮದ ವಿದ್ಯುತ್ ಗುಣದಿಂದ, ಒಣಗಿ ದಪ್ಪಗಟ್ಟಿದ ಚರ್ಮ ಅದಕ್ಕೆ ಅಷ್ಟಾಗಿ ಕಾಣುವುದಿಲ್ಲ. ಕರ್ಸರ್ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ಸಿನಾಪ್ಟಿಕ್ಸ್‌ನಲ್ಲಾದರೆ ಫಿಂಗರ್‌ಲೋ, ಫಿಂಗರ್‌ಹೈ ಎಂಬ ಎರಡು ಅಂಕಿ ತಿದ್ದಿದರೆ ಆಯಿತು, ಕೂತಲ್ಲೇ ಪರೀಕ್ಷಿಸಬಹುದು. ಲಿಬ್‌ಇನ್‌ಪುಟ್‌ನಲ್ಲಿ ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಜಾಗವಿಲ್ಲ. ಲಿಬ್‌ಇನ್‌ಪುಟ್-ಟೂಲ್ಸ್ ಪ್ಯಾಕೇಜ್ ಹಾಕಿ, ಅದರಲ್ಲಿರುವ ಒತ್ತಡ ಅಳೆಯುವ ಆಜ್ಞೆ ಕೊಟ್ಟು, ನನ್ನ ಬೆರಳು ಎಷ್ಟು ಅಂಕಿ ತೋರುತ್ತದೆ ಎಂದು ನೋಡಿಕೊಂಡೆ. ಆಮೇಲೆ ಇಟಿಸಿ ಅಡಿಯ ಲಿಬ್‌ಇನ್‌ಪುಟ್ ಕಡತಕೋಶದಲ್ಲಿ ಲೋಕಲ್-ಓವರ್‌ರೈಡ್ಸ್ ಎಂಬ ಕ್ವರ್ಕ್ಸ್ ಕಡತ (ಒಂದೊಂದು ಯಂತ್ರಕ್ಕೆ ಬೇಕಾದ ವಿಶೇಷ ಹೊಂದಾಣಿಕೆ ಬರೆಯುವ ಕಡತ) ಮಾಡಿ, ಟಚ್‌ಪ್ಯಾಡಿನ ಹೆಸರು ಮತ್ತು ಎರಡು ಅಂಕಿ ಬರೆದೆ. ಮೊದಲನೆಯದು ಬೆರಳು ತಾಗಿತು ಎನ್ನಲು, ಎರಡನೆಯದು ಎತ್ತಿತು ಎನ್ನಲು. ಕೆಲಸ ನಿಧಾನದ್ದು, ಆದರೆ ಒಮ್ಮೆ ಬರೆದರೆ ಲಾಗ್‌ಔಟ್ ಆದರೂ ಅಳಿಯುವುದಿಲ್ಲ. ಮಳೆಗಾಲದಲ್ಲಿ ಇದರ ತದ್ವಿರುದ್ಧ, ಒದ್ದೆ ಬೆರಳಿಗೆ ಕರ್ಸರ್ ಕುಣಿಯುತ್ತದೆ. ಅದಕ್ಕೆ ಪಕ್ಕದಲ್ಲೊಂದು ಹಳೆಯ ಪಂಚೆಯ ತುಂಡು ಸಾಕು.

ಈ ಎರಡೂ ಡ್ರೈವರ್‌ಗಳ ಕೆಳಗೆ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಇದೆ ಎಂಬುದನ್ನು ಮರೆಯಬಾರದು. ಕರ್ನಲ್ ನಿಮ್ಮ ಟಚ್‌ಪ್ಯಾಡನ್ನು ಬರೀ 'ಜೆನೆರಿಕ್ ಮೌಸ್' ಎಂದು ಗುರುತಿಸಿದ್ದರೆ ಮೇಲಿನ ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ. ಡಿಎಂಇಎಸ್‌ಜಿ ಆಜ್ಞೆ ಕೊಟ್ಟು ಕರ್ನಲ್‌ನ ದಾಖಲೆ ಓದಿ. ನನ್ನದರಲ್ಲಿ, ನಿಮ್ಮ ಟಚ್‌ಪ್ಯಾಡ್ ಬೇರೆ ಬಸ್ಸನ್ನೂ (ಮಾಹಿತಿ ಸಾಗುವ ದಾರಿಯನ್ನೂ) ಬಲ್ಲದು, ಸಿನಾಪ್ಟಿಕ್ಸ್_ಇಂಟರ್‌ಟಚ್ ಅನ್ನು 1 ಮಾಡಿ ನೋಡಬಹುದು ಎಂಬ ಸಾಲಿತ್ತು. ಹಳೆಯ ಪಿಎಸ್/2 ದಾರಿ ಕಿರಿದು, ಅದರಲ್ಲಿ ಎರಡಕ್ಕಿಂತ ಹೆಚ್ಚು ಬೆರಳಿನ ಸುದ್ದಿ ಸರಿಯಾಗಿ ಸಾಗುವುದಿಲ್ಲ. ಗ್ರಬ್‌ನಲ್ಲಿ (ಯಂತ್ರ ಶುರುವಾಗುವಾಗ ಕರ್ನಲನ್ನು ಎಬ್ಬಿಸುವ ತಂತ್ರಾಂಶ) ಆ ಮಾತು ಸೇರಿಸಿದ ಮೇಲೆ ಮೂರು ಬೆರಳಿನ ಸನ್ನೆಗಳು ತಪ್ಪದೆ ಬಂದವು. ಹೊಸ ದಾರಿಯಲ್ಲಿ ಟಚ್‌ಪ್ಯಾಡಿನ ಹೆಸರೇ ಬದಲಾದ್ದರಿಂದ ಅಡಿಕೆ ಬೆರಳಿಗೆಂದು ಬರೆದ ಕಡತ ಹೊಂದದೆ ಕೂತಿತು, ಹೆಸರು ತಿದ್ದಿದ ಮೇಲೆ ಸರಿಹೋಯಿತು. ಮುಚ್ಚಳ ಮುಚ್ಚಿ ತೆರೆದಾಗ ಎರಡು ಸಲ ಟಚ್‌ಪ್ಯಾಡ್ ಏಳಲೇ ಇಲ್ಲ. ಪಿಎಸ್‌ಮೌಸ್ ಎಂಬ ಕರ್ನಲ್ ಮಾಡ್ಯೂಲನ್ನು (ಬೇಕಾದಾಗ ಸೇರಿಸಿ ತೆಗೆಯಬಹುದಾದ ಭಾಗವನ್ನು) ಇಳಿಸಿ ಮತ್ತೆ ಏರಿಸಿದರೆ ಎದ್ದಿತು.

ಒಂದು ತೊಂದರೆಗೆ ಮಾತ್ರ ಯಾವ ಡ್ರೈವರೂ ಕಾರಣವಲ್ಲ. ಚಾರ್ಜರ್ ಹಾಕಿದಾಗ ಬೆರಳು ಅಲುಗಿಸದೆ ಇಟ್ಟರೂ ಕರ್ಸರ್ ನಡುಗುತ್ತಿತ್ತು. ಎರಡೂ ಡ್ರೈವರಿನಲ್ಲಿ ಅದೇ ನಡುಕ. ಚಾರ್ಜರ್ ಕಿತ್ತರೆ ನಿಲ್ಲುತ್ತಿತ್ತು. ಲಿಬ್‌ಇನ್‌ಪುಟ್‌ನ ಡೀಬಗ್-ಈವೆಂಟ್ಸ್ ಆಜ್ಞೆ ತೆರೆದಿಟ್ಟು ನೋಡಿದರೆ ಪ್ಲಗ್ ಹಾಕಿದ ಕೂಡಲೇ ಚಲನೆಯ ಸಾಲುಗಳು ಸುರಿಯುತ್ತಿದ್ದವು. ನಮ್ಮ ಹಳೆಯ ಮನೆಯ ಜಗುಲಿಯ ಪ್ಲಗ್ಗಿಗೆ ಅರ್ಥಿಂಗ್ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಮೂರು ಪಿನ್ನಿನದು ಹಾಕಿ ಅರ್ಥಿಂಗ್ ತಂತಿ ಎಳೆದ ಮೇಲೆ ನಡುಕ ಹೋಯಿತು. ಏಪ್ರಿಲ್‌ನಲ್ಲಿ ಅರ್ಥಿಂಗ್ ಹೊಂಡ ಒಣಗಿದಾಗ ನಡುಕ ಸ್ವಲ್ಪ ಮರಳಿತು, ಎರಡು ಕೊಡ ನೀರು ಹೊಯ್ದೆ.

ಹೀಗಾಗಿ ನನ್ನ ತೀರ್ಪು ಲಿಬ್‌ಇನ್‌ಪುಟ್. ನಾನು ದಿನವಿಡೀ ಟೈಪ್ ಮಾಡುವವಳು, ಹೊಸ ಲ್ಯಾಪ್‌ಟಾಪಿಗೆ ಹಣವಿಲ್ಲ, ಪ್ರತಿ ಬೆಳಿಗ್ಗೆ ಆಜ್ಞೆ ಬರೆಯುವ ತಾಳ್ಮೆಯೂ ಇಲ್ಲ. ನಿಮ್ಮದು ತೀರಾ ಹಳೆಯ ಯಂತ್ರವಾಗಿ, ಎಕ್ಸ್‌ಎಫ್‌ಸಿಇಯಂಥ ಹಗುರ ಪರದೆಯನ್ನು ಎಕ್ಸ್‌ಆರ್ಗ್ ಮೇಲೆ ನಡೆಸುತ್ತಿದ್ದು, ಓದುವುದೇ ಹೆಚ್ಚು, ಬರೆಯುವುದು ಕಡಿಮೆ ಎಂದಾದರೆ ಆ ಉರುಳುವ ಪುಟಕ್ಕಾಗಿ ಸಿನಾಪ್ಟಿಕ್ಸ್ ಇಟ್ಟುಕೊಳ್ಳಬಹುದು. ಗ್ನೋಮ್ ಬಳಸುವವರು ಅದನ್ನು ಹಾಕಲೇಬೇಡಿ, ಈಗಾಗಲೇ ಹಾಕಿದ್ದರೆ ತೆಗೆಯಿರಿ.

ಈ ಮಳೆಗಾಲ ಕಳೆದ ಮೇಲೆ ಡೆಬಿಯನ್ 13ಕ್ಕೆ ಹೋಗುವವಳಿದ್ದೇನೆ. ಕ್ವರ್ಕ್ಸ್ ಕಡತದ ಬರವಣಿಗೆ ಆವೃತ್ತಿಯಿಂದ ಆವೃತ್ತಿಗೆ ಹೀಗೆಯೇ ಇರುತ್ತದೆಂಬ ಭರವಸೆಯನ್ನು ಲಿಬ್‌ಇನ್‌ಪುಟ್ ಕೊಡುವುದಿಲ್ಲ. ಅದಕ್ಕೇ ಆ ನಾಲ್ಕು ಸಾಲುಗಳನ್ನು ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ಕೊಯ್ಲಿಗೆ ಮುಂಚೆ ಮತ್ತೆ ಅಳೆದು ನೋಡಬೇಕು.