ಇಬ್ಬರ ಒಪ್ಪಂದವೋ, ಗುಂಪಿನ ಒಪ್ಪಂದವೋ?

ವ್ಯಾಪಾರಕ್ಕೆ ಒಂದು ದೇಶ ಮುಂದೆ ಯಾವ ದಾರಿ ಹಿಡಿಯಬೇಕು: ಒಂದೊಂದೇ ದೇಶದ ಜೊತೆ ಒಪ್ಪಂದವೋ, ಹಲವು ದೇಶಗಳ ಗುಂಪಿನ ಒಪ್ಪಂದವೋ? ಬಿಡಿಭಾಗ ತರಿಸಿ ಸರಕು ಮಾಡುವ ದೇಶವಾದರೆ ನನ್ನ ಓಟು ಗುಂಪಿಗೇ.

ಎರಡೇ ದೇಶಗಳ ಒಪ್ಪಂದ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ, ನಿಜ. ಆದರೆ ಎದುರಿಗಿರುವುದು ದೊಡ್ಡ ದೇಶವಾದರೆ ಚೌಕಾಸಿಯಲ್ಲಿ ಚಿಕ್ಕದಕ್ಕೇ ಪೆಟ್ಟು ಜಾಸ್ತಿ. ಇಂಥ ಹತ್ತಾರು ಒಪ್ಪಂದಗಳಾದ ಮೇಲೆ ಇನ್ನೊಂದು ತಲೆನೋವು. ಸರಕು ಎಲ್ಲಿಯದು ಎಂದು ತೀರ್ಮಾನಿಸುವ ನಿಯಮ ಒಂದೊಂದರಲ್ಲೂ ಬೇರೆ. ಆ ಕಾಗದಪತ್ರದ ಗೋಜೇ ಬೇಡ ಎಂದು ಸಣ್ಣ ರಫ್ತುದಾರರು ಒಪ್ಪಂದದಿಂದ ಸಿಗುವ ಸುಂಕದ ರಿಯಾಯಿತಿಯನ್ನೇ ಕೈಬಿಡುವುದೂ ಉಂಟು!

ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಂಥ ಗುಂಪಿನಲ್ಲಿ 15 ದೇಶಗಳಿಗೂ ಆ ನಿಯಮ ಒಂದೇ. ಬಿಡಿಭಾಗ ಒಂದು ಕಡೆ, ಜೋಡಣೆ ಇನ್ನೊಂದು ಕಡೆ ಆದರೂ ಸಲೀಸು. ಮಾತುಕತೆ ಮಾತ್ರ 2012ರಿಂದ 2020ರವರೆಗೆ ಎಳೆಯಿತು.

ಎಲ್ಲರಿಗೂ ನಿಯಮ ಹಾಕಲು ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಇದೆ ಅಲ್ವಾ ಅನ್ನಬಹುದು. ಆದರೆ ದೇಶಗಳ ವ್ಯಾಪಾರ ಜಗಳದಲ್ಲಿ ಕೊನೆಯ ತೀರ್ಪು ಕೊಡುತ್ತಿದ್ದ ಅದರ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಲ್ಲೇ ನಿಂತುಹೋಯಿತು; ಅದೊಂದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ.