ಒಂದೇ ಗಿಟಾರ್, ಎರಡು ಡೀಲಕ್ಸ್ ರಿವರ್ಬ್

ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್ (ಆಂಪ್ಲಿಫೈಯರ್) ಫೆಂಡರ್ ಡೀಲಕ್ಸ್ ರಿವರ್ಬ್ ಈಗ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು, 1960ರ ದಶಕದ ಸರ್ಕ್ಯೂಟನ್ನೇ ಇಟ್ಟುಕೊಂಡ ಟ್ಯೂಬ್ ಆಂಪ್, ಅಂದರೆ ಗಾಜಿನ ನಿರ್ವಾತ ಕೊಳವೆಗಳಿಂದ ನಡೆಯುವುದು, 22 ವ್ಯಾಟ್. ಇನ್ನೊಂದು 2019ರಲ್ಲಿ ಬಂದ ಟೋನ್ ಮಾಸ್ಟರ್. ಇದರಲ್ಲಿ ಒಂದೂ ಟ್ಯೂಬ್ ಇಲ್ಲ. ಆ ಸರ್ಕ್ಯೂಟ್ ಹೇಗೆ ನಡೆದುಕೊಳ್ಳುತ್ತದೋ ಅದನ್ನು ಪ್ರೊಸೆಸರ್ ಲೆಕ್ಕ ಹಾಕಿ ಕೊಡುತ್ತದೆ. ಮುಂದೆ ನಿಂತು ನೋಡಿದರೆ ಎರಡೂ ಅವಳಿ ಮಕ್ಕಳ ಹಾಗೆ.

ಟ್ಯೂಬಿನದು ನನ್ನದು, ಟೋನ್ ಮಾಸ್ಟರ್ ಗೆಳೆಯನದು. ಬೆಂಗಳೂರಿನ ಒಂದು ಜಾಮ್ ರೂಮಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ಟೆಲಿಕ್ಯಾಸ್ಟರ್ ಗಿಟಾರ್, ಒಂದೇ ಕೇಬಲ್‌ನಲ್ಲಿ ಇಡೀ ಮಧ್ಯಾಹ್ನ ನುಡಿಸಿದೆವು.

ಮೊದಲು ವಾಲ್ಯೂಮ್ 3. ಗೆಳೆಯ ಗೋಡೆ ಕಡೆ ಮುಖ ಮಾಡಿ ಕೂತ. ನಾನು ಆಂಪ್ ಬದಲಿಸುತ್ತಾ ನುಡಿಸಿದೆ. ಯಾವುದು ಯಾವುದು ಅಂತ ಅವನಿಗೆ ಗೊತ್ತಾಗಲಿಲ್ಲ. ಜಾಗ ಬದಲಿಸಿದಾಗ ನನಗೂ ಅಷ್ಟೇ. ಒರಟಿಲ್ಲದ ತಿಳಿ ಸ್ವರ, ಅಂದರೆ ಕ್ಲೀನ್ ಟೋನ್ ಮಾತ್ರ ಬೇಕು ಅನ್ನುವವರು ಟ್ಯೂಬ್ ಆಂಪ್‌ಗೆ ದುಡ್ಡು ಹಾಕುವುದು ಬೇಡ ಅಂತಲೇ ಹೇಳುತ್ತೇನೆ.

ವಾಲ್ಯೂಮ್ 6ಕ್ಕೆ ಏರಿಸಿದ ಮೇಲೆ ಕಥೆ ಬದಲಾಯಿತು. ಇಲ್ಲಿ ಸ್ವರ ಒಡೆಯಲು, ಅಂದರೆ ಒರಟಾಗಲು ಶುರುವಾಗುತ್ತದೆ. ತಂತಿಯನ್ನು ಜೋರಾಗಿ ಮೀಟಿದರೆ ಟ್ಯೂಬ್ ಆಂಪಿನ ಒಳಗಿನ ವೋಲ್ಟೇಜ್ ಒಂದು ಕ್ಷಣ ಕುಗ್ಗುತ್ತದೆ. ಎಸಿ ಕರೆಂಟನ್ನು ಡಿಸಿ ಮಾಡುವ ಕೆಲಸವೂ ಅದರಲ್ಲಿ ಟ್ಯೂಬಿನದೇ, ಅಷ್ಟು ಬೇಗ ಅದು ಪೂರೈಸಲಾರದು. ಸ್ವರ ಮೊದಲು ಒತ್ತಿಕೊಂಡು, ಆಮೇಲೆ ನಿಧಾನವಾಗಿ ಉಬ್ಬಿ ಬರುತ್ತದೆ. ಮೃದುವಾಗಿ ಮೀಟಿದರೆ ಅದೇ ಸ್ವರ ತಿಳಿಯಾಗಿರುತ್ತದೆ. ಗಿಟಾರಿನ ವಾಲ್ಯೂಮ್ ನಾಬನ್ನು 10ರಿಂದ 5ಕ್ಕೆ ಇಳಿಸಿದೆ, ಒರಟುತನ ಪೂರ್ತಿ ಹೋಯಿತು. ಟೋನ್ ಮಾಸ್ಟರ್ ಕೂಡ ಇದನ್ನೆಲ್ಲ ಮಾಡುತ್ತದೆ, ಚೆನ್ನಾಗೇ ಮಾಡುತ್ತದೆ. ಆದರೆ ಮೃದುವಿಗೂ ಜೋರಿಗೂ ನಡುವಿನ ಆ ಸಣ್ಣ ಸಣ್ಣ ಮೆಟ್ಟಿಲು ಟ್ಯೂಬಿನಲ್ಲಿ ಜಾಸ್ತಿ ಸಿಕ್ಕವು. ಕೂತು ಕೇಳುತ್ತಿದ್ದ ಗೆಳೆಯನಿಗೆ ಇದು ಗೊತ್ತಾಗಲೇ ಇಲ್ಲ. ಗಿಟಾರ್ ಅವನ ಕೈಗೆ ಕೊಟ್ಟೆ. ಎರಡೇ ನಿಮಿಷ, "ಹೌದಲ್ವಾ!" ಅಂದ.

ರಿವರ್ಬ್‌ನಲ್ಲೂ, ಅಂದರೆ ಸ್ವರಕ್ಕೆ ಸೇರುವ ಪ್ರತಿಧ್ವನಿಯಲ್ಲೂ, ಒಂದು ವಿಷಯ. ಟ್ಯೂಬ್ ಆಂಪಿನ ತಳದಲ್ಲಿ ನಿಜವಾದ ಸ್ಪ್ರಿಂಗ್‌ಗಳಿವೆ. ಸ್ವಲ್ಪ ಅಲ್ಲಾಡಿಸಿದರೆ ಪಾತ್ರೆ ಸಾಮಾನು ಬಿದ್ದ ಹಾಗೆ ಝಲ್ ಅನ್ನುತ್ತವೆ. ನನಗೆ ಆ ಸದ್ದು ಬಹಳ ಇಷ್ಟ.

ಆದರೆ 22 ವ್ಯಾಟ್ ಟ್ಯೂಬ್ ಆಂಪನ್ನು ಅಪಾರ್ಟ್‌ಮೆಂಟಿನಲ್ಲಿ 6ಕ್ಕೆ ಇಡಲು ಸಾಧ್ಯವೇ ಇಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಬರುತ್ತಾರೆ. ಮನೆಯಲ್ಲಿ ಎರಡಕ್ಕಿಂತ ಮೇಲೆ ನಾನು ಹೋದದ್ದೇ ಇಲ್ಲ. ಅಂದರೆ ಯಾವ ಟೋನ್‌ಗಾಗಿ ಅದನ್ನು ಕೊಂಡೆನೋ ಅದು ಮನೆಯಲ್ಲಿ ಸಿಗುವುದಿಲ್ಲ. ಟೋನ್ ಮಾಸ್ಟರ್‌ನ ಹಿಂದೆ ಒಂದು ಸ್ವಿಚ್ ಇದೆ, 0.2 ವ್ಯಾಟ್‌ವರೆಗೂ ಇಳಿಸಬಹುದು. ವಾಲ್ಯೂಮ್ 6ರಲ್ಲೇ ಇರುತ್ತದೆ, ಸ್ವರ ಒಡೆಯುತ್ತದೆ, ಮಗು ಪಕ್ಕದ ಕೋಣೆಯಲ್ಲಿ ಮಲಗಿರಬಹುದು.

ಟ್ಯೂಬಿನದರ ತೂಕ ಸುಮಾರು 19 ಕೆಜಿ, ಟೋನ್ ಮಾಸ್ಟರ್‌ನದು ಹತ್ತೂವರೆ. ಲಿಫ್ಟ್ ಇಲ್ಲದ ಜಾಗದಲ್ಲಿ ಈ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ. ಟ್ಯೂಬ್‌ಗಳು ಸವೆಯುತ್ತವೆ. ಪವರ್ ಟ್ಯೂಬ್ ಬದಲಿಸಿದಾಗ ಬಯಾಸ್, ಅಂದರೆ ಅದರಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅನ್ನುವ ಹೊಂದಾಣಿಕೆ, ನೋಡಿಸಬೇಕು. ಒಳಗೆ ನೂರಾರು ವೋಲ್ಟ್ ಉಳಿದಿರುತ್ತದೆ, ಪ್ಲಗ್ ತೆಗೆದಿದ್ದರೂ ನೀವೇ ಬಿಚ್ಚಬೇಡಿ. ಸಂಜೆ ಕರೆಂಟ್ ಡಲ್ ಆದರೆ ನನ್ನ ಆಂಪ್ ಕೂಡ ಸ್ವಲ್ಪ ಮಂಕಾಗುತ್ತದೆ.

ನಾನು ಮನೆಗೆ ಒಂದು ಟೋನ್ ಮಾಸ್ಟರ್ ಕೊಳ್ಳುತ್ತಿದ್ದೇನೆ. ಟ್ಯೂಬಿನದನ್ನು ಮಾರುವುದಿಲ್ಲ. ಅದು ಜಾಮ್ ರೂಮಿನಲ್ಲೇ ಇರುತ್ತದೆ, ವಾಲ್ಯೂಮ್ 6ರಲ್ಲಿ.